ಏಳಕ್ಷರದೊಳಗೆ ಒಂದು ಹೆಸರು

ನಮ್ಮೂರಿನ ಜನನ ಮರಣ ನೋಂದಣಿ ಕಚೇರಿಯಲ್ಲಿ ಇಂಗ್ಲಿಷ್ ವರ್ಣಮಾಲೆಗೆ ಇರುವುದು ಏಳು ಅಕ್ಷರ: ಎ, ಇ, ಎಲ್, ಎನ್, ಓ, ಎಸ್ ಮತ್ತು ಟಿ. ಮೊದಲು ಬೇರೆಯವೂ ಇದ್ದವಂತೆ. ಸಾಹೇಬರ ಕಾಫಿ ಲೋಟ ಕೀಬೋರ್ಡಿನ ಮೇಲೆ ಮಗುಚಿಕೊಂಡಾಗ ಅವು ತೀರಿಕೊಂಡವು. ಕಡತದಲ್ಲಿ ಇದಕ್ಕೆ 'ದ್ರವಾಘಾತ' ಎಂದು ಬರೆದಿದೆ.

ಹೊಸ ಕೀಬೋರ್ಡಿಗೆ ಬೇಡಿಕೆ ಹೋಗಿಲ್ಲವೆಂದು ಯಾರೂ ತಿಳಿಯಬಾರದು. ಕೈಬರಹದ ಬೇಡಿಕೆಯನ್ನು ಮೇಲಿನ ಕಚೇರಿ ಒಪ್ಪುವುದಿಲ್ಲವಾದ್ದರಿಂದ ಅದೇ ಕಂಪ್ಯೂಟರಿನಲ್ಲಿ ಹೊಡೆದು ಕಳಿಸಿದರು. ಕೀಬೋರ್ಡ್ ಎಂಬ ಪದದಲ್ಲಿ ಬದುಕುಳಿದಿದ್ದು ಇ, ಓ, ಎ ಮೂರೇ. 'ಇಓಎ ಎಂಬ ವಸ್ತು ನಮ್ಮ ದಾಸ್ತಾನಿನಲ್ಲಿ ಇರುವುದಿಲ್ಲ, ಸ್ಥಳೀಯವಾಗಿ ಖರೀದಿಸುವುದು' ಎಂದು ಉತ್ತರ ಬಂತು. ಊರಿನ ಯಾವ ಅಂಗಡಿಯಲ್ಲೂ ಇಓಎ ಸಿಗಲಿಲ್ಲ. ಅಲ್ಲಿಗೆ ವಿಷಯ ಮುಕ್ತಾಯವಾಯಿತು.

ಆದರೆ ಮಕ್ಕಳು ಹುಟ್ಟುವುದು ನಿಲ್ಲಲಿಲ್ಲ. ಜನರಿಗೆ ಅಷ್ಟೂ ಸಹಕಾರ ಬುದ್ಧಿಯಿಲ್ಲ. ಹಾಗಾಗಿ ಗೋಡೆಯ ಮೇಲೆ ಪ್ರಕಟಣೆ ಬಿತ್ತು. ಮಗುವಿನ ಹೆಸರು ಈ ಏಳು ಅಕ್ಷರಗಳಲ್ಲೇ ಇರತಕ್ಕದ್ದು. ಅದು ಇಂಗ್ಲಿಷ್ ಪದವೇ ಆಗಿರತಕ್ಕದ್ದು, ಏಕೆಂದರೆ ನಮ್ಮ ಹೆಸರು ಹೊಡೆದರೆ ಕಂಪ್ಯೂಟರ್ ಅದರ ಕೆಳಗೆ ಕೆಂಪು ಗೆರೆ ಎಳೆಯುತ್ತದೆ, ಕೆಂಪು ಗೆರೆಗೆ ಆಡಿಟ್‌ನವರು ಆಕ್ಷೇಪಿಸುತ್ತಾರೆ. ಒಂದು ಪದ ಒಂದೇ ಮಗುವಿಗೆ.

ಕಿರಾಣಿ ಅಂಗಡಿಯವರ ಮಗ ಸಾಲ್ಟ್ ಆದ. ಬ್ಯಾಂಕಿನ ಜವಾನರ ಮಗಳು ಲೋನ್. ಮುದ್ದಾದ ಮಗು, ತೆಗೆದುಕೊಂಡವರು ಬೇಗ ವಾಪಸ್ ಕೊಡುವುದಿಲ್ಲ. ಟ್ಯಾಲೆಂಟ್ ಎಂಬುದು ಮೊದಲ ದಿನವೇ ಸಾಹೇಬರ ಮೊಮ್ಮಗನ ಪಾಲಾಯಿತು. ಆ ಮೊಮ್ಮಗ ಇನ್ನೂ ಹುಟ್ಟಿಲ್ಲ, ಹುಟ್ಟಿಸಬೇಕಾದ ಮಗನಿಗೆ ಹೆಣ್ಣು ನೋಡುತ್ತಿದ್ದಾರೆ.

ನಮ್ಮ ಮಗಳು ಚಿಣ್ಣಿಯದು ಸ್ವಲ್ಪ ಅವಸರದ ಕೆಲಸವಾಗಿತ್ತು. ಹೆಸರು ತುಂಬದ ಪ್ರಮಾಣಪತ್ರವನ್ನು ಶಾಲೆಯವರು ಮುಟ್ಟುವುದಿಲ್ಲ, ಸೇರಿಸಲು ಅಂದೇ ಕೊನೆಯ ದಿನ. ಅವಳಾಗಲೇ ಪಕ್ಕದ ಮನೆ ಮಕ್ಕಳ ಚೀಲ ಹೊತ್ತು ಬೀದಿ ತುದಿಯವರೆಗೆ ಹೋಗಿ, ಅಲ್ಲಿ ಅವರು ಚೀಲ ಕಿತ್ತುಕೊಂಡ ಮೇಲೆ ದಿನಾ ಅಳುತ್ತ ಬರುತ್ತಿದ್ದಳು. ಇನ್ನೊಂದು ವರ್ಷ ಅದನ್ನು ನೋಡುವ ಶಕ್ತಿ ನನಗಿರಲಿಲ್ಲ. ನಮ್ಮತ್ತೆಗೆ ತಮ್ಮ ಹೆಸರನ್ನೇ ಮೊಮ್ಮಗಳಿಗೆ ಇಡಿಸುವ ಆಸೆ. ಅವರ ಹೆಸರಿನಲ್ಲಿ ಆ ಏಳರ ಪೈಕಿ ಇದ್ದದ್ದು ಎ ಒಂದೇ. ಎ ಇರುವ ಪದವನ್ನಾದರೂ ತಾ ಎಂದು ಕಳಿಸಿದ್ದರು.

ಕಚೇರಿ ಬಾಗಿಲಿನ ಜೆರಾಕ್ಸ್ ಅಂಗಡಿಯವನು ಬೋರ್ಡು ಹಾಕಿಕೊಂಡಿದ್ದ: 'ಒಪ್ಪಿಗೆಯಾಗುವ ಇಂಗ್ಲಿಷ್ ಪದಗಳನ್ನು ಹುಡುಕಿಕೊಡಲಾಗುವುದು. ಅರ್ಥಕ್ಕೆ ಪ್ರತ್ಯೇಕ ದರ.'

"ನೀಟ್ ಇತ್ತಕ್ಕ, ನಿನ್ನೆ ಹೋಯ್ತು," ಅಂದ. "ಸ್ಟೋಲನ್ ಇದೆ ನೋಡಿ. ಕರೆಯೋಕೆ ತೂಕವಾಗಿದೆ."

"ಕದ್ದದ್ದು ಅಂತ ಕಣಪ್ಪ ಅದರರ್ಥ."

"ಅರ್ಥ ನೀವೇ ಹೇಳಿದ್ರಿ. ಅದಕ್ಕೆ ದುಡ್ಡು ಬೇಡ ಬಿಡಿ."

ಹತ್ತನೇ ತರಗತಿಯ ಇಂಗ್ಲಿಷನ್ನು ನಂಬಿ ನಾನೇ ಒಂದಷ್ಟು ಪದ ಕೂಡಿಸಿಕೊಂಡು ಕಿಟಕಿಗೆ ಹೋದೆ. ಯಜಮಾನರು ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತಿದ್ದರು. ಗುಮಾಸ್ತರು ತಲೆ ಎತ್ತದೆ ಉತ್ತರಿಸಿದರು. ನೆಸ್ಟ್ ಹೋಗಿತ್ತು. ಲೆಸನ್ ಮೇಷ್ಟರ ಮನೆಗೆ ಹೋಗಿತ್ತು. ಟೋಸ್ಟ್ ಬೇಕರಿಯವರದು. ಸೀಸನ್ ಬಗ್ಗೆ ಇಬ್ಬರು ಬೀಗರ ನಡುವೆ ಕೇಸು ನಡೆದಿತ್ತು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಇದೆಂಥ ನಾನ್‌ಸೆನ್ಸ್ ಸಾರ್," ಅಂದೆ.

ಗುಮಾಸ್ತರು ತಲೆ ಎತ್ತಿದರು. "ಇನ್ನೊಂದು ಸಲ ಹೇಳಿ."

ಹೊರಗೆ ಹಾಕಿಸುತ್ತಾರೆ ಅಂದುಕೊಂಡರೂ ಹೇಳಿದೆ. ಅವರು ಬೆರಳು ಮಡಚಿ ಎಣಿಸಿದರು. ಎನ್, ಓ, ಎನ್, ಎಸ್, ಇ, ಎನ್, ಎಸ್, ಇ. ಒಂದೊಂದಾಗಿ ಹೊಡೆದರು. ಕೆಂಪು ಗೆರೆ ಬರಲಿಲ್ಲ. ಪಕ್ಕದ ಮೇಜಿನವರೆಲ್ಲ ಎದ್ದು ಬಂದು ನೋಡಿದರು. ಸಾಹೇಬರೂ ಬಂದರು. "ಇಷ್ಟು ವರ್ಷ ನಮ್ಮ ಕಚೇರಿಯಲ್ಲೇ ಇದ್ದರೂ ಯಾರ ಗಮನಕ್ಕೂ ಬಂದಿರಲಿಲ್ಲ," ಎಂದು ಸಂತೋಷಪಟ್ಟರು.

ನನ್ನ ಮಗಳಿಗೆ ಅದು ಬೇಡ ಎಂದೆ. ಗುಮಾಸ್ತರು ಬೇಜಾರು ಮಾಡಿಕೊಳ್ಳಲಿಲ್ಲ. "ಬೇಡದಿದ್ರೆ ಬಿಡಿ. ಸ್ಟೋಲನ್ನೂ ಈಗಷ್ಟೇ ಹೋಯ್ತು. ಖಾಲಿ ಇರೋದು ಇನ್ನು ಲೂಸ್ ಒಂದೇ. ಎಲ್, ಓ, ಓ, ಎಸ್, ಇ."

ಪಕ್ಕದಲ್ಲಿ ನಿಂತಿದ್ದ ಚಿಣ್ಣಿಯ ಮುಖ ನೋಡಿದೆ. ನಾನ್‌ಸೆನ್ಸ್‌ಗೆ ಎಂಟು ಅಕ್ಷರದ ಗೌರವವಾದರೂ ಇತ್ತು. ಒಪ್ಪಿಕೊಂಡೆ.

ತಾಯಿಯ ಹೆಸರಿನ ಜಾಗದಲ್ಲಿ ಎಲ್ಲರಿಗೂ 'ಎನ್ ಎ' ಎಂದು ಹೊಡೆಯುವುದು ಅಲ್ಲಿನ ಪದ್ಧತಿ. ಹೆತ್ತವಳಿಗೆ ಅನ್ವಯಿಸುವುದಿಲ್ಲ ಎಂದರ್ಥ. ಆಮೇಲೆ, "ತಂದೆ?" ಎಂದು ಕೇಳಿದರು.

"ಅವರು ಸ್ವಲ್ಪ ಲೇಟ್ ಸಾರ್," ಅಂದೆ.

ಎಲ್, ಎ, ಟಿ, ಇ. ಇದಕ್ಕೂ ಕೆಂಪು ಗೆರೆ ಬರಲಿಲ್ಲ. ಸೀಲು ಬಿತ್ತು. ಆ ಹೊತ್ತಿಗೆ ಯಜಮಾನರು ಏದುಸಿರು ಬಿಡುತ್ತ ಬಂದು ಕಾಗದ ಓದಿದರು.

"ಸಾರ್, ನಾನಿನ್ನೂ ಬದುಕಿದ್ದೀನಿ."

"ಸಂತೋಷ," ಅಂದರು ಗುಮಾಸ್ತರು. "ಬದುಕಿರೋರಿಗೆ ಪಕ್ಕದ ಕಿಟಕಿ. ಅವರು ಊಟಕ್ಕೆ ಹೋಗಿದ್ದಾರೆ."

ಕಾಯುವಂತಿರಲಿಲ್ಲ, ಶಾಲೆ ಮುಚ್ಚುವ ಹೊತ್ತಾಗಿತ್ತು. ಯಜಮಾನರನ್ನು ಶಾಲೆಯ ಗೇಟಿನ ಹೊರಗೆ ಬಿಟ್ಟು ಮಗಳನ್ನು ಎತ್ತಿಕೊಂಡು ಒಳಗೆ ಓಡಿದೆ. ಸೀಟುಗಳೆಲ್ಲ ತುಂಬಿದ್ದವು. ಹೆಡ್‌ಮಿಸ್ ಪ್ರಮಾಣಪತ್ರ ನೋಡಿದರು. 'ಲೇಟ್' ಎಂಬುದರ ಮುಂದೆ ಹೆಸರು ಬರಬೇಕಿತ್ತು, ಅಕ್ಷರ ಸಾಲದೆ ಬಿಟ್ಟಿದ್ದಾರೆ ಎಂದು ಅವರೇ ಅರ್ಥ ಮಾಡಿಕೊಂಡರು. ಅವರ ಕಣ್ಣು ತುಂಬಿತು. ತಂದೆಯಿಲ್ಲದ ಮಕ್ಕಳಿಗೆಂದು ಇಟ್ಟಿದ್ದ ಸೀಟೊಂದು ಉಳಿದಿದೆ ಎಂದರು. ನಾನು ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದೆ.

ಯಜಮಾನರು ಒಂದು ದಿನ ಊಟ ಬಿಟ್ಟರು. ಮರುದಿನ ಚಿಣ್ಣಿ ತನ್ನದೇ ಚೀಲ ಹೊತ್ತು ಹೊರಟದ್ದನ್ನು ಕಂಡು, ಸತ್ತದ್ದು ದಂಡವಾಗಲಿಲ್ಲ ಎಂದರು. ಶಾಲೆಗೆ ಬಿಡಲು ಈಗ ಅವರೇ ಹೋಗುತ್ತಾರೆ, ಮಗುವಿನ ಚಿಕ್ಕಪ್ಪನಾಗಿ. ಹೆಸರಿನಲ್ಲಿ ಎ ಇಲ್ಲವೆಂದು ಅತ್ತೆ ಸ್ವಲ್ಪ ಗೊಣಗಿದರು. ಆದರೆ ಅವರಿಗೆ ಒಬ್ಬನೇ ಮಗ ಎಂಬ ಕೊರಗಿತ್ತು, ಈಗ ಅದು ತೀರಿದೆ.

ಮೊನ್ನೆ ಪೋಷಕರ ಸಭೆ ಇತ್ತು. ಮಿಸ್ ಹಾಜರಿ ಕರೆದರು: ಸಾಲ್ಟ್, ಲೋನ್, ಟೋಸ್ಟ್. ನಾನ್‌ಸೆನ್ಸ್ ಎಂದಾಗ ನಮ್ಮವಳು ಎಲ್ಲರಿಗಿಂತ ಗಟ್ಟಿಯಾಗಿ ಎಸ್ ಮಿಸ್ ಅಂದಳು. ತರಗತಿಗೆಲ್ಲ ಚುರುಕು ಹುಡುಗಿಯೆಂದು ಹೊಗಳಿ, ಮಿಸ್ ನಮ್ಮ ಯಜಮಾನರ ಕಡೆ ತಿರುಗಿದರು.

"ಇದನ್ನೆಲ್ಲ ನೋಡೋಕೆ ನಿಮ್ಮಣ್ಣ ಇರಬೇಕಿತ್ತು."

ಇವರು ಕರವಸ್ತ್ರ ತೆಗೆದು ಕಣ್ಣೊತ್ತಿಕೊಂಡರು. ನಾಟಕವಲ್ಲ, ನಿಜವಾಗಿಯೂ ಅಳುತ್ತಿದ್ದರು.

"ದೇವರಂಥ ಮನುಷ್ಯ ಮಿಸ್," ಅಂದರು. "ಅತ್ತಿಗೆಯನ್ನ ಹೂವಿನ ಹಾಗೆ ನೋಡಿಕೊಂಡಿದ್ದ."

ಬದುಕಿದ್ದಾಗ ಹಾಗೇನೂ ಇರಲಿಲ್ಲ. ಆದರೆ ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದೆಂದು ನಾನು ಸುಮ್ಮನೆ ತಲೆ ತಗ್ಗಿಸಿದೆ.