ನಗದವಳ ಹಾಜರಿಯನ್ನು ಪರಿಗಣಿಸುವ ಕುರಿತು

ಇಂದ:
ಗಂಗೋತ್ರಿ, ಎಂ.ಎಸ್ಸಿ. (ರಸಾಯನಶಾಸ್ತ್ರ)
ಗುಣಮಟ್ಟ ಪರೀಕ್ಷಕಿ, ಹತ್ತಿ ಜಿನ್ನಿಂಗ್ ಮಿಲ್ಲು, ಆದೋನಿ

ಗೆ:
ಶ್ರೀ ಹಾಜರಾತಿ ಆ್ಯಪ್ ಅವರು
ಗೇಟಿನ ಗೋಡೆಗೆ ಬಿಗಿದಿರುವ ಟ್ಯಾಬ್, ಅದೇ ಮಿಲ್ಲು

ಮೂಲಕ:
ಶ್ರೀ ಸೋಮೇಶ್, ಮ್ಯಾನೇಜರ್ (ತಮ್ಮ ಕೈಯಲ್ಲಿ ಏನೂ ಇಲ್ಲವೆಂದು ಮೂರು ಸಲ ತಿಳಿಸಿದವರು)

ವಿಷಯ: ಅರ್ಜಿದಾರಳು ನಗದಿದ್ದರೂ ಆಕೆಯನ್ನು ಜೀವಂತ ವ್ಯಕ್ತಿ ಎಂದು ಪರಿಗಣಿಸಿ ಹಾಜರಿ ಹಾಕುವ ಬಗ್ಗೆ.

ಉಲ್ಲೇಖ: (ಅ) "ಜೀವಂತ ವ್ಯಕ್ತಿ ಪತ್ತೆಯಾಗಿಲ್ಲ. ದಯವಿಟ್ಟು ನಗಿರಿ" ಎಂಬ ತಮ್ಮ ಸಂದೇಶ, ಇಪ್ಪತ್ತಾರು ಸಲ.
(ಆ) ಅತ್ತೆಯವರಾದ ಗುರುಶಾಂತಮ್ಮನವರ ಮೌಖಿಕ ಆದೇಶ, ಒಂದು ಸಲ.

ಮಾನ್ಯರೇ,

ಅರ್ಜಿಯನ್ನು ನೇರವಾಗಿ ತಮಗೇ ಬರೆಯುತ್ತಿದ್ದೇನೆ. ಮ್ಯಾನೇಜರರು ಬಳ್ಳಾರಿಯ ಮುಖ್ಯ ಕಚೇರಿಯನ್ನು ಕೇಳಲು ಹೇಳಿದರು. ಮುಖ್ಯ ಕಚೇರಿಯವರು ಅದನ್ನೆಲ್ಲ ಆ್ಯಪ್ ನೋಡಿಕೊಳ್ಳುತ್ತದೆ ಎಂದರು. ಆದಕಾರಣ ತಾವೊಬ್ಬರೇ ಉಳಿದಿರಿ. ತಮಗೆ ಆರು ಭಾಷೆ ಬರುತ್ತವೆಂದು ತೆರೆಯ ಮೇಲೆ ಇರುವುದರಿಂದ ಕನ್ನಡದಲ್ಲಿ ಬರೆದಿದ್ದೇನೆ.

೧. ನನ್ನ ಪತಿ ವಾಗೀಶ್ ಇದೇ ಮಿಲ್ಲಿನಲ್ಲಿ ಹತ್ತಿಯನ್ನು ಒತ್ತಿ ಬೇಲು ಕಟ್ಟುವ ಪ್ರೆಸ್ ವಿಭಾಗದಲ್ಲಿ ಫಿಟ್ಟರ್ ಆಗಿದ್ದರು. ಎರಡು ತಿಂಗಳ ಹಿಂದೆ ಆಸ್ಪರಿಯಿಂದ ಬೈಕಿನಲ್ಲಿ ಬರುವಾಗ ತೀರಿಕೊಂಡರು. ವಯಸ್ಸು ಮೂವತ್ತೊಂದು. ಇಪ್ಪತ್ತೆರಡನೆಯ ದಿನ ನಾನು ಕೆಲಸಕ್ಕೆ ಬಂದೆ. ಬೇಗ ಬಂದಳೆಂದು ಕೆಲವರು, ತಡವಾಗಿ ಬಂದಳೆಂದು ತಾವು. ತಮ್ಮ ನಿಯಮದಲ್ಲಿ ದುಃಖಕ್ಕೆ ಐದು ದಿನ ಇರುವುದು ನನಗೆ ಆಮೇಲೆ ತಿಳಿಯಿತು. ಉಳಿದ ದಿನಗಳು ನನ್ನ ರಜೆಯಿಂದ ಹೋದವು.

೨. ನಗುವ ನಿಯಮ ಬಂದ ಹಿನ್ನೆಲೆ ತಮಗೆ ಗೊತ್ತಿದ್ದರೂ ಕಡತ ಪೂರ್ಣವಾಗಿರಲೆಂದು ಬರೆಯುತ್ತೇನೆ. ಗಾಡಿ ತೂಗುವ ವೇಬ್ರಿಜ್ಜಿನ ಗುಮಾಸ್ತ ಶ್ರೀನುವಿನ ಹುಟ್ಟುಹಬ್ಬಕ್ಕೆ ಗೆಳೆಯರು ಗೇಟಿನೆದುರಿನ ಚಹಾ ಅಂಗಡಿಯ ಕಂಬಗಳಿಗೆ ಆಳೆತ್ತರದ ಫ್ಲೆಕ್ಸ್ ಕಟ್ಟಿದ್ದರು. ಮರುವಾರ ಶ್ರೀನು ಬೀಗರನ್ನು ಕರೆದುಕೊಂಡು ಮಂತ್ರಾಲಯಕ್ಕೆ ಹೋದಾಗ ಯಾರೋ ಆ ಫ್ಲೆಕ್ಸನ್ನು ಬಿಚ್ಚಿ ತಂದು ತಮ್ಮೆದುರು ಹಿಡಿದರು. ನಾಲ್ಕು ದಿನ ಫ್ಲೆಕ್ಸು ಹಾಜರಾಯಿತು, ಒಂದು ದಿನವೂ ತಡವಾಗಿ ಬರಲಿಲ್ಲ. ಐದನೆಯ ದಿನ ಫ್ಲೆಕ್ಸು ಬಂದು ಹೋದ ಮೇಲೆ ಶ್ರೀನು ತಾನೇ ಬಂದಾಗ "ಈಗಾಗಲೇ ಹಾಜರಾಗಿದ್ದೀರಿ" ಎಂದಿರಿ. ಸಿಕ್ಕಿಬಿದ್ದ. ಆದ್ದರಿಂದ ಮುಖ ತೋರಿಸಿದರೆ ಸಾಲದು, ಮುಖ ಅಲುಗಬೇಕು, ನಗಬೇಕು, ಆಗ ಮಾತ್ರ ಮನುಷ್ಯ ಎಂಬ ನಿಯಮ ಬಂತು. ಫ್ಲೆಕ್ಸು ನಗಲಾರದು ಎಂಬ ನಂಬಿಕೆಯ ಮೇಲೆ ಈ ನಿಯಮ ನಿಂತಿದೆ. ಈ ನಂಬಿಕೆಗೆ ಏನಾಯಿತು ಎಂಬುದನ್ನು ಐದನೆಯ ಅಂಶದಲ್ಲಿ ವಿವರಿಸಿದ್ದೇನೆ.

೩. ನಗುವಿಗೆ ನನ್ನ ತಾತ್ವಿಕ ವಿರೋಧವಿಲ್ಲ. ಬರುವುದಿಲ್ಲ, ಅಷ್ಟೆ. ಕೆಲಸಕ್ಕೂ ಅದಕ್ಕೂ ಸಂಬಂಧವನ್ನು ಹುಡುಕಿದೆ, ಸಿಗಲಿಲ್ಲ. ನನ್ನ ಬಳಿಯೂ ಒಂದು ಯಂತ್ರವಿದೆ. ಅದರ ಎರಡು ಮುಳ್ಳುಗಳನ್ನು ಹತ್ತಿಯೊಳಗೆ ಚುಚ್ಚಿದರೆ ತೇವ ಎಷ್ಟಿದೆ ಎಂದು ತೋರಿಸುತ್ತದೆ. ಹನ್ನೆರಡು ಇದ್ದರೆ ಹನ್ನೆರಡು. ಒದ್ದೆ ಹತ್ತಿಗೆ "ದಯವಿಟ್ಟು ಒಣಗಿರಿ" ಎಂದು ಅದು ಇಲ್ಲಿಯವರೆಗೆ ಹೇಳಿಲ್ಲ. ಯಂತ್ರಗಳ ಬಗ್ಗೆ ನನಗೆ ಗೌರವ ಇದ್ದದ್ದು ಈ ಕಾರಣಕ್ಕೆ.

ಈಚೆಗೆ ಎಲ್ಲ ಯಂತ್ರಗಳೂ ನಮ್ಮ ಮನಸ್ಸಿನ ವಿಚಾರಕ್ಕೆ ಬಂದಿವೆ. ವಾಗೀಶರ ಶ್ರದ್ಧಾಂಜಲಿ ಫ್ಲೆಕ್ಸನ್ನು ಮುದ್ರಿಸಿದ ಅಂಗಡಿಯಿಂದ ನನ್ನ ಮೊಬೈಲಿಗೆ, ನಿಮ್ಮ ಅನುಭವ ಹೇಗಿತ್ತು, ನಕ್ಷತ್ರ ಕೊಡಿ ಎಂದು ಸಂದೇಶ ಬಂತು. ಐದು ಕೊಟ್ಟೆ. ತೆಲುಗಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

೪. ಸಹಕರಿಸುವ ಪ್ರಯತ್ನ ಮಾಡಿಲ್ಲವೆಂದು ತಾವು ಹೇಳಬಾರದು. ಹತ್ತು ದಿನ ಗೈರುಹಾಜರಿ ಬಿದ್ದ ಮೇಲೆ ನನ್ನ ಜೊತೆ ಕೆಲಸ ಮಾಡುವ ದುರ್ಗಾ ಒಂದು ಉಪಾಯ ಹೇಳಿಕೊಟ್ಟಳು.

"ನಗಾದು ಬ್ಯಾಡಕ್ಕ, ಹಲ್ಲು ತೋರ್ಸು. ದವಾಖಾನ್ಯಾಗ ತೋರಸ್ತೀವಲ್ಲ, ಹಂಗ. ಮಿಷಿನಿಗೇನು ತಿಳೀತೈತಿ?"

ಹನ್ನೊಂದನೆಯ ದಿನ ಹಲ್ಲು ತೋರಿಸಿದೆ. ತಾವು ತಕ್ಷಣ ಹಸಿರು ಗುರುತು ಹಾಕಿ "ಗಂಗೋತ್ರಿ, ಹಾಜರು. ಶುಭ ದಿನ" ಎಂದಿರಿ. ಆ ಹೊತ್ತಿಗೆ ಗೇಟಿನಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರೊಂದು ತೂಕಕ್ಕೆ ನಿಂತಿತ್ತು. ಮೇಲೆ ನಾಲ್ಕು ಜನ ಹೆಂಗಸರು ಕುಳಿತಿದ್ದರು. ಅವರಿಗೆ ಕಂಡದ್ದು ಇಷ್ಟು: ರಸ್ತೆಯಾಚೆ ಗಂಡನ ಫ್ಲೆಕ್ಸು, ಈಚೆ ಹೆಂಡತಿ, ಅದಕ್ಕೆ ಬೆನ್ನು ಮಾಡಿ ನಿಂತು ಟ್ಯಾಬಿನಲ್ಲಿ ಯಾರನ್ನೋ ನೋಡಿ ಹಲ್ಲು ಬಿಡುತ್ತಿದ್ದಾಳೆ. ಸಂಜೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ನಾನು ಯಾರೊಂದಿಗೋ ವೀಡಿಯೊ ಕಾಲಿನಲ್ಲಿ ಮಾತಾಡುತ್ತೇನೆಂದೂ, ಆತ ಗುಂತಕಲ್ಲಿನವನೆಂದೂ ಅದರಲ್ಲಿತ್ತು. ಊರಿನ ಹೆಸರು ಹೇಗೆ ಸೇರಿತೋ ತಿಳಿಯದು.

ಅತ್ತೆ ಸಿಟ್ಟಾಗಲಿಲ್ಲ. ರೊಟ್ಟಿ ಬಡಿಯುತ್ತಲೇ ಹೇಳಿದರು.

"ಹೊರಗ ನಗಬ್ಯಾಡವ್ವ. ನಗಾದಿದ್ರ ಮನ್ಯಾಗ ನಗು. ನೀ ನಗಾದು ನಾನೂ ನೋಡಿಲ್ಲ, ಬಾಳ ದಿನ ಆತು."

ಉಲ್ಲೇಖ (ಆ) ಎಂದರೆ ಇದೇ. ಈ ಆದೇಶವನ್ನು ಮೀರಲು ನನ್ನಿಂದಾಗದು. ಆದಕಾರಣ ಹನ್ನೆರಡನೆಯ ದಿನದಿಂದ ಮತ್ತೆ ಮೊದಲಿನ ಮುಖದಲ್ಲೇ ಬರುತ್ತಿದ್ದೇನೆ. ತಾವೂ ಮತ್ತೆ ಮೊದಲಿನ ಸಂದೇಶವನ್ನೇ ಕೊಡುತ್ತಿದ್ದೀರಿ. ಪ್ರತಿದಿನವೂ ಕೆಲಸ ಮಾಡಿದ್ದೇನೆ. ತೇವಾಂಶದ ವಹಿಯ ಪ್ರತಿ ಪುಟದಲ್ಲಿ ನನ್ನ ಸಹಿ ಇದೆ.

೫. ಕಳೆದ ಮಂಗಳವಾರದ ಘಟನೆಗೆ ನಾನು ಜವಾಬ್ದಾರಳಲ್ಲ ಎಂದು ಈ ಮೂಲಕ ಸ್ಪಷ್ಟಪಡಿಸುತ್ತೇನೆ.

ಅಂದು ಬೆಳಿಗ್ಗೆ ತಮ್ಮೆದುರು ನಿಂತಿದ್ದಾಗ ಹಿಂದಿನಿಂದ ಎತ್ತಿನ ಬಂಡಿ ಬಂದುದರಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ. ನಾನು ಸರಿದ ಜಾಗದಿಂದ ತಮಗೆ ರಸ್ತೆಯಾಚೆಯ ಫ್ಲೆಕ್ಸು ಕಾಣಿಸಿತು. ಶ್ರೀನುವಿನ ಫ್ಲೆಕ್ಸಿದ್ದ ಅದೇ ಕಂಬಗಳಿಗೆ ಈಗ ವಾಗೀಶರದ್ದನ್ನು ಕಟ್ಟಿದ್ದಾರೆ. ಶ್ರೀನುವಿನ ಹುಟ್ಟುಹಬ್ಬದಲ್ಲಿ ತೆಗೆದ ಫೋಟೊ. ಉಳಿದವರನ್ನು ಕತ್ತರಿಸಿದ್ದಾರೆ, ಆದರೂ ವಾಗೀಶರ ಭುಜದ ಮೇಲೆ ಶ್ರೀನುವಿನ ಕೈ ಉಳಿದಿದೆ. ಕೇಕನ್ನು ನೋಡಿ ನಗುತ್ತಿದ್ದಾರೆ. ಕೆಳಗಿನ ಹಗ್ಗ ಬಿಚ್ಚಿತ್ತು. ಗಾಳಿ ಬಂತು. ಮುಖ ಸ್ವಲ್ಪ ಅಲುಗಿತು.

"ವಾಗೀಶ್, ಹಾಜರು. ಶುಭ ದಿನ" ಎಂದು ತಾವು ಗಟ್ಟಿಯಾಗಿ ಹೇಳಿದಿರಿ. ಸಮಯ ಒಂಬತ್ತು ಇಪ್ಪತ್ತೆಂಟು. ಬದುಕಿದ್ದಾಗ ಅವರು ಇಷ್ಟು ಬೇಗ ಎಂದೂ ಬಂದವರಲ್ಲ.

ಗೇಟಿನ ಕಾವಲುಗಾರ ಬಜಾರಪ್ಪನಿಗೆ ಓದು ಬರುವುದಿಲ್ಲ, ಕಿವಿ ಚೆನ್ನಾಗಿದೆ. ಆತ ಕುರ್ಚಿಯಿಂದ ಎದ್ದು ನಿಂತ. ರಸ್ತೆಯ ಕಡೆ ನೋಡಿದ, ನನ್ನ ಕಡೆ ನೋಡಿದ.

"ಅವ ಬಂದಾನಂತ ನೋಡವ್ವ," ಎಂದ.

ನಾನು ಮತ್ತೆ ತಮ್ಮೆದುರಿಗೆ ಬಂದು ನಿಂತೆ. ಜೀವಂತ ವ್ಯಕ್ತಿ ಪತ್ತೆಯಾಗಿಲ್ಲ ಎಂದಿರಿ.

ಅವರ ಹೆಸರು ಇನ್ನೂ ಪಟ್ಟಿಯಲ್ಲಿ ಏಕಿತ್ತು ಎಂದು ವಿಚಾರಿಸಿದೆ. ಕೆಲಸ ಬಿಟ್ಟವರ ಹೆಸರನ್ನು ತೆಗೆಯಲು ಆ ನೌಕರರೇ ಬಂದು ಮುಖ ತೋರಿಸಿ ಒಪ್ಪಿಗೆ ಕೊಡಬೇಕಂತೆ.

೬. ಸೋಮೇಶರು ಗಾಬರಿಯಾಗಿದ್ದಾರೆ. ತಿಂಗಳಿಗೆ ಒಬ್ಬ ನೌಕರರ ದಾಖಲೆಯನ್ನು ಮಾತ್ರ ಕೈಯಾರೆ ತಿದ್ದಲು ತಾವು ಅವರಿಗೆ ಅವಕಾಶ ಕೊಟ್ಟಿದ್ದೀರಿ. ಈ ತಿಂಗಳದ್ದನ್ನು ವಾಗೀಶರ ಹಾಜರಿ ಅಳಿಸಲು ಬಳಸುವುದಾಗಿ ಹೇಳಿದರು. ನನ್ನ ಗೈರುಹಾಜರಿ ಇಪ್ಪತ್ತಾರಾಗಿದೆ, ಮೂವತ್ತಾದರೆ ಕೆಲಸ ತಾನಾಗಿ ಹೋಗುತ್ತದೆ, ಹೆಸರು ಮಾತ್ರ ಪಟ್ಟಿಯಲ್ಲಿ ಉಳಿಯುತ್ತದೆ, ನನ್ನದನ್ನು ತಿದ್ದಿರೆಂದು ಬೇಡಿಕೊಂಡೆ.

"ಏಂ ಮಾಡಲಮ್ಮಾ ನಾನು? ತಪಾಸಣೆಗೆ ಬಂದವರು, ಸತ್ತವ ಹೆಂಗ ಬಂದಾನ್ರಿ ಅಂತ ನನ್ನ ಕೇಳ್ತಾರ ಕದಾ. ನೀ ಯಾಕ ಬಂದಿಲ್ಲ ಅಂತ ಯಾರೂ ಕೇಳಂಗಿಲ್ಲ."

ಈ ಮಾತು ಸತ್ಯಕ್ಕೆ ಹತ್ತಿರವಾಗಿದೆ. ಆದರೂ ಕೆಲಸ ಹೋದರೆ ತವರೂರು ಕೋಸಗಿಯಿಂದ ಅಣ್ಣ ಬಂದು ನನ್ನನ್ನು ಕರೆದೊಯ್ಯುವುದೆಂದು ಹಿರಿಯರು ತೀರ್ಮಾನಿಸಿದ್ದಾರೆ. ಅಲ್ಲಿ ನನಗಾಗಿ ಒಂದು ಮಂಚ ಮತ್ತು ಬಹಳಷ್ಟು ಸಮಾಧಾನದ ಮಾತುಗಳು ಕಾದಿವೆ. ಎರಡೂ ನನಗೆ ಬೇಡವಾಗಿವೆ. ಹತ್ತಿಗೆ ಮುಳ್ಳು ಚುಚ್ಚಿ ಅಂಕಿ ಬರೆಯುವ ಎಂಟು ಗಂಟೆ ಹೊತ್ತು ಯಾರೂ ನನ್ನನ್ನು ಹೇಗಿದ್ದೀಯ ಎಂದು ಕೇಳುವುದಿಲ್ಲ. ಆ ಎಂಟು ಗಂಟೆ ನನಗೆ ಬೇಕು.

೭. ಮಂಗಳವಾರದ ವಿಷಯವನ್ನು ಅತ್ತೆಯವರಿಂದ ಮುಚ್ಚಿಡಬೇಕೆಂದಿದ್ದೆ. ಬಜಾರಪ್ಪ ಹೇಳಿಬಿಟ್ಟಿದ್ದ. ಊಟಕ್ಕೆ ಕುಳಿತಾಗ ಅವರೇ ತೆಗೆದರು.

"ಬಂದಾನ ಅಂತ ಅಂದಿದ್ದು ಖರೇ ಏನು?"

ಹೌದೆಂದೆ.

"ಹೊರಗ ಹೋಗ್ಯಾನ ಅಂತ ಅಂದೈತೇನು?"

ಯೋಚಿಸಿದೆ. ಸಂಜೆ ಹೋಗುವಾಗಲೂ ತಮ್ಮೆದುರು ಮುಖ ತೋರಿಸಬೇಕು. ಫ್ಲೆಕ್ಸು ಆ ಹೊತ್ತಿಗೆ ತೋರಿಸಿಲ್ಲ. ಹಗ್ಗವನ್ನು ಚಹಾ ಅಂಗಡಿಯವ ಮಧ್ಯಾಹ್ನವೇ ಬಿಗಿದಿದ್ದ.

"ಇಲ್ಲರಿ ಅತ್ತಿ."

ಅವರು ನನ್ನ ತಟ್ಟೆಗೆ ಪಲ್ಯ ಬಡಿಸಿದರು.

"ಹಂಗಾರ ಇರ್ಲಿ ಬಿಡು."

ಮೇಲಿನ ಎಲ್ಲ ಕಾರಣಗಳಿಂದ, ಮತ್ತು ತಮ್ಮ ಒಂದು ದಾಖಲೆಯ ಪ್ರಕಾರ ನಾನು ಬಂದೇ ಇಲ್ಲ, ಇನ್ನೊಂದರ ಪ್ರಕಾರ ವಾಗೀಶ್ ಬಂದವರು ಹೋಗಿಯೇ ಇಲ್ಲ ಎಂದಿರುವುದರಿಂದ, ತಮ್ಮಲ್ಲಿ ಕೋರುವುದೇನೆಂದರೆ: ಈ ತಿಂಗಳ ಒಂದೇ ತಿದ್ದುಪಡಿಯನ್ನು ಬದುಕಿರುವವಳಿಗೆ ಬಳಸಬೇಕು. ನನ್ನ ಇಪ್ಪತ್ತಾರು ದಿನಗಳನ್ನು ಹಾಜರಿ ಎಂದು ಸರಿಪಡಿಸಿ, ಮುಂದೆ ನನ್ನ ಮುಖವನ್ನು ಇದ್ದ ಹಾಗೆಯೇ ಒಪ್ಪಬೇಕು. ವಾಗೀಶರ ದಾಖಲೆಗೆ ಕೈ ಹಚ್ಚಬಾರದು. ಅವರು ಹೊರಹೋದ ಸಮಯದ ಕಾಲಂ ಖಾಲಿ ಇರಲಿ.

ಜೀವಂತಿಕೆಯ ದೃಢೀಕರಣ ಬಾಕಿ ಇರುವ,
ತಮ್ಮ ವಿಶ್ವಾಸಿ,
ಗಂಗೋತ್ರಿ

ಅಡಕಗಳು:
೧. ವಾಗೀಶರ ಮರಣ ಪ್ರಮಾಣಪತ್ರದ ನಕಲು (ತಮ್ಮ ಮಾಹಿತಿಗಾಗಿ ಮಾತ್ರ, ಕ್ರಮಕ್ಕಾಗಿ ಅಲ್ಲ)
೨. ಅರ್ಜಿದಾರಳು ಉಸಿರಾಡುವುದನ್ನು ದಿನವೂ ನೋಡಿದ್ದೇನೆ ಎಂದು ಬಜಾರಪ್ಪ ಹೆಬ್ಬೆಟ್ಟು ಒತ್ತಿದ ಪತ್ರ
೩. ತೇವಾಂಶದ ವಹಿಯ ಇಪ್ಪತ್ತಾರು ಪುಟಗಳ ನಕಲು
೪. ಅರ್ಜಿದಾರಳ ಈಚಿನ ಭಾವಚಿತ್ರ, ನಗದೆ ಇರುವುದು, ಎರಡು ಪ್ರತಿ

ವಿಶೇಷ ಕೋರಿಕೆ: ತಪಾಸಣೆಗೆ ಬಂದವರು ವಾಗೀಶ್ ಎಲ್ಲಿ ಎಂದು ಕೇಳಿದಲ್ಲಿ, ಒಳಗಿದ್ದಾರೆ ಎಂದು ತಿಳಿಸುವುದು. ಕರೆಯಿರಿ ಎಂದಲ್ಲಿ, ಕೆಲಸದಲ್ಲಿದ್ದಾರೆ ಎನ್ನುವುದು.