ಸರ್ವರ್ ಸಿಕ್ಕ ದಿನ

ಮಾಲತೇಶನ ಮದುವೆ ಆ ದಿನ ಒಂದು ಜಾವಾ ಪ್ರೋಗ್ರಾಮಿನ ಕೈಯಲ್ಲಿತ್ತು. ಸಂಜೆ ಹೊಸರಿತ್ತಿಗೆ ಕನ್ಯಾ ನೋಡಲು ಹೋಗಬೇಕು. ಕೆಲಸದ ಗದ್ದಲದಲ್ಲಿ ಹಿಂದೆ ಎರಡು ಸಲ ತಪ್ಪಿಸಿಕೊಂಡಿದ್ದ. ಈ ಸಲವೂ ಬರದಿದ್ದರೆ ಬೇರೆ ವರ ನೋಡುತ್ತೇನೆಂದು ಹುಡುಗಿಯ ಅಪ್ಪ ಚನ್ನೇಶಪ್ಪ ಹೇಳಿ ಕಳಿಸಿದ್ದ. ಫೋಟೋದಲ್ಲಿ ನಕ್ಕಿದ್ದ ಅಂಜಲಿಯನ್ನು ಬಿಟ್ಟುಕೊಡುವ ಮನಸ್ಸು ಮಾಲತೇಶನಿಗೆ ಸುತಾರಾಂ ಇರಲಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ಅವನು. ರೈತನ ಹೆಸರು ಒತ್ತಿದರೆ ಅವನ ಚೀಲ ಎಲ್ಲಿದೆ ಅಂತ ತೋರಿಸುವ ಪ್ರೋಗ್ರಾಮ್ ಬರೆದಿದ್ದ. ಪ್ರೋಗ್ರಾಮ್ ಇವನ ಮೇಜಿನ ಮೇಲೆ, ಹುಡುಕಿಕೊಡುವ ಸರ್ವರ್ ಒಳಕೋಣೆಯಲ್ಲಿ. ನಿನ್ನೆಯವರೆಗೆ ಎರಡಕ್ಕೂ ಮಾತುಕತೆ ಇತ್ತು. ಇವತ್ತು ಬೆಳಿಗ್ಗೆಯಿಂದ ಜಗಳವಾಡಿದ ವಾರಗಿತ್ತಿಯರ ಹಾಗೆ ಕೂತಿದ್ದವು. ಪರದೆಯ ಮೇಲೆ ಒಂದೇ ಉತ್ತರ: 'ಕನೆಕ್ಷನ್ ಟೈಮ್ ಔಟ್'.

“ಮದಲ ಹುಡುಕಿ ತೋರಿಸು. ಆಮ್ಯಾಲ ಕನ್ಯಾನರ ನೋಡು, ಏನರ ನೋಡು,” ಎಂದು ಮಾಲೀಕ ರುದ್ರಮುನಿ ಸಾವಕಾರರು ಹೇಳಿ ಊಟಕ್ಕೆ ಹೋದರು.

ಮಾಲತೇಶ ಪೋರ್ಟ್ ನೋಡಿದ, ಫೈರ್‌ವಾಲ್ ನೋಡಿದ, ಜಾವಾ ತೆಗೆದು ಮತ್ತೆ ಹಾಕಿದ. ಊಹೂಂ.

“ಸರ್ವರ್ ಬಂದ್ ಬಿದ್ದೈತೇನ, ನೋಡ್ಕೊಂಡ ಬಾರಪಾ,” ಎಂದು ವಾಚ್‌ಮನ್ ಡಾಕಪ್ಪನನ್ನು ಅಟ್ಟಿದ.

“ಝಗಝಗ ಉರಿಯಾಕತ್ತೈತ್ರಿ. ನಾ ಒಂದ ನಿಂಬಿಹಣ್ಣನೂ ಇಟ್ಟ ಬಂದೇನಿ,” ಎಂದ ಡಾಕಪ್ಪ.

ಅಗಡಿಯಿಂದ ಅವ್ವ ದೇವವ್ವನ ಫೋನು. “ಹೊಸಾ ಅಂಗಿ ಹಾಕ್ಕೊಂಡೀಯಿಲ್ಲೋ?”

“ಹಾಕ್ಕೊಂಡೇನಬೇ ಯವ್ವಾ. ಇಡಬೇ ಫೋನು!”

ಲೆಕ್ಕದ ಶೀಲಾ ಆಚೆ ಮೇಜಿನಿಂದ ಕೂತಲ್ಲೇ ಬುದ್ಧಿ ಹೇಳಿದಳು. “ಬಂದ್ ಮಾಡಿ ಚಾಲೂ ಮಾಡ್ರಲಾ. ನಮ್ಮ ಮಿಕ್ಸರಿಗೂ ಹಂಗ ಮಾಡೋದು.”

ಮೇಜಿನ ಕಂಪ್ಯೂಟರಿಗೆ ಅದನ್ನೂ ಮಾಡಿ ಸೋತು, ಕಡೆಗೆ ತಾನೇ ಎದ್ದು ಒಳಕೋಣೆಗೆ ಹೋದ. ಹೋಗಿ ನೋಡಿದರೆ ಸರ್ವರ್ ತನ್ನ ಜಾಗದಲ್ಲೇ ಇಲ್ಲ! ಎದುರಿನ ಮೂಲೆಯಲ್ಲಿ ಕುಂಕುಮ ಹಚ್ಚಿಸಿಕೊಂಡು, ಬೇರೆ ವೈರು ಚುಚ್ಚಿಸಿಕೊಂಡು ಕೂತಿತ್ತು.

“ಶೀಲಾ ಅಕ್ಕಾ! ಇದನ್ನ ಯಾರ ಸರಿಸಿದ್ರು?”

“ನಾನ ರೀ. ವಾಸ್ತುದವ್ರು ನಿನ್ನೆ ಸಂಜಿಕ ಬಂದಿದ್ರು. ಬಿಸಿ ಡಬ್ಬಿ ಈಶಾನ್ಯಕ್ಕ ಇರಬಾರದಂತ, ಆಗ್ನೇಯಕ್ಕ ಇರಬೇಕಂತ. ಅಲ್ಲೂ ಒಂದ ವೈರ್ ಇತ್ತು, ಜೋಡಿಸಿನಿ. ಯಾಕ, ಏನಾತು?”

ಏನಾಯಿತೆಂದರೆ, ಮೂಲೆ ಬದಲಾದ ಕೂಡಲೇ ವೈರು ಬದಲಾಗಿ, ವೈರಿನ ಜೊತೆ ಸರ್ವರಿನ ವಿಳಾಸವೂ ಬದಲಾಗಿತ್ತು. ಪಾಪ, ಪ್ರೋಗ್ರಾಮ್ ಬೆಳಿಗ್ಗೆಯಿಂದ ಹಳೆಯ ವಿಳಾಸದ ಬಾಗಿಲನ್ನೇ ಬಡಿಯುತ್ತಿತ್ತು. ಮಾಲತೇಶನಿಗೆ ಸಿಟ್ಟು ನೆತ್ತಿಗೇರಿತು. ಆದರೂ ನುಂಗಿಕೊಂಡು ಹೊಸ ವಿಳಾಸ ಹಾಕಿದ. ಕಣ್ಣು ಮಿಟುಕಿಸುವುದರೊಳಗೆ ಕನೆಕ್ಷನ್ ಬಂತು. ಆ ಖುಷಿಯಲ್ಲಿ ಶೀಲಾಳನ್ನೂ ಕ್ಷಮಿಸಿಬಿಟ್ಟ.

ಅಷ್ಟರಲ್ಲಿ ಸಾವಕಾರರು ಬಂದರು. “ಎಲ್ಲೆ, ಯಾವದರ ಒಂದ ಹೆಸರ ಹುಡುಕು.”

ಬೆಳಿಗ್ಗೆಯಿಂದ ಮಾಲತೇಶನ ತಲೆಯಲ್ಲಿ ಇದ್ದದ್ದು ಒಂದೇ ಊರು, ಒಂದೇ ಮನೆ. ಬೆರಳು ತಾನಾಗಿ ಒತ್ತಿತು: ಚನ್ನೇಶಪ್ಪ, ಹೊಸರಿತ್ತಿ. ಪರದೆಯ ಮೇಲೆ ಟಣ್ಣನೆ ಉತ್ತರ ಬಂತು: ಮೂರನೇ ಕೋಣೆ, ಹಿಂದಿನ ಮೂಲೆ, ಇಪ್ಪತ್ತು ಚೀಲ.

ಸಾವಕಾರರು ಹಾರಿ ನಿಂತರು. “ಅಬಬಬಾ! ಆ ಬೂಷ್ಟ ಹಿಡದ ಚೀಲ ಇಂವನವೇನ? ಯಾರವು ಅಂತ ಎರಡ ವರ್ಷದಿಂದ ತಲಿ ಕೆಡಿಸ್ಕೊಂಡೇನಿ. ಭೇಷ್, ತಮ್ಮಾ! ನೀ ಇವತ್ತ ಹೊಸರಿತ್ತಿಗೇ ಹೊಂಟೀಯಲ್ಲ?”

“ಹೌದ್ರಿ, ಆದ್ರ...”

“ಬಸ್ಸಿಗ್ಯಾಕ ಕಾಯ್ತಿ? ನಮ್ಮ ಟೆಂಪೋದಾಗ ಹೋಗು. ಹಂಗ ಆ ಚೀಲಾನೂ ಅಂವನ ಬಾಗಿಲಿಗೆ ಇಳಿಸಿಬಿಡು.”

ಆದರೆ ಗೀದರೆ ಅನ್ನುವುದರೊಳಗೆ ಹಮಾಲರು ಚೀಲ ಏರಿಸಿದರು. ಮುಂದಿನ ಸೀಟಿನಲ್ಲಿ ಡ್ರೈವರನ ಬಳಗವೆಲ್ಲ ತುಂಬಿತ್ತು. ಹೊಸ ಬಿಳಿ ಅಂಗಿಯ ವರ ಚೀಲದ ಮೇಲೆಯೇ ಕೂತು, ಹಾವೇರಿ ದಾಟಿ, ಕರ್ಜಗಿ ದಾಟಿ, ದಾರಿಯುದ್ದಕ್ಕೂ ಸೀನುತ್ತ ಹೊಸರಿತ್ತಿ ಸೇರಿದ.

ಡ್ರೈವರ್ ಚೀಲಗಳನ್ನು ಬಾಗಿಲ ಮುಂದೆ ಕೆಡವಿ ಟೆಂಪೋ ತಿರುಗಿಸಿಕೊಂಡು ಹೋದ. ನಗುನಗುತ್ತ ಹೊರಗೆ ಬಂದ ಚನ್ನೇಶಪ್ಪ ಚೀಲ ಕಂಡವನೇ ಗರ ಬಡಿದವನಂತೆ ನಿಂತ. ಬಾಗಿಲ ಸಂದಿಯಲ್ಲಿ ಅಂಜಲಿ ಇಣುಕಿದಳು. ಮಾಲತೇಶ ಕೈ ಮುಗಿದ.

“ನಮಸ್... ಆಕ್ಷೀ!”

“ಈ ಕೆಟ್ಟ ಚೀಲಾನ ಒಗಿಯಾಕ ಜಾಗ ಇಲ್ಲದ ಅಲ್ಲಿ ಬೇಕಂತ ಬಿಟ್ಟ ಬಂದಿದ್ನೆಪಾ ನಾನು,” ಎಂದ ಚನ್ನೇಶಪ್ಪ ನಿಟ್ಟುಸಿರು ಬಿಟ್ಟು. “ಕನ್ಯಾ ಎಲ್ಲೂ ಓಡಿ ಹೋಗಂಗಿಲ್ಲ. ಇವನ್ನ ಒಯ್ದು ಇದ್ದಲ್ಲೇ ಇಟ್ಟ ಬರ್ರಿ, ಆಮ್ಯಾಲ ಕುಂತ ಮಾತಾಡೂಣು.”