ಬಾಗಿಲಿಗೊಂದು ಹಾಸಿಗೆ

ಬಾಗಿಲಿಗೆ ಒಂದು ಮೊಳೆಯನ್ನೂ ಹೊಡೆಯಬಾರದು, ಒಂದು ತೂತನ್ನೂ ಕೊರೆಯಬಾರದು ಎಂದು ಮನೆ ಮಾಲೀಕ ಕರಾರಿನಲ್ಲೇ ಬರೆಸಿದ್ದ. ಆದರೆ ಆ ಬಾಗಿಲಿನ ಮುಂದೆ ನಿಂತು ಬಾಯಿ ತೆರೆಯಬಾರದು ಎಂದು ಯಾರಿಗೂ ಯಾವ ಕರಾರೂ ಇರಲಿಲ್ಲ. ಟಿಕ್‌ಟಿಕ್ ರಾಯರ ಸಿಟ್ಟೆಲ್ಲ ಇದಕ್ಕೇ.

ರಾಯರು ಗಡಿಯಾರ ರಿಪೇರಿ ಮಾಡುವವರು. ಮನೆಯೇ ಅಂಗಡಿ. ಗಡಿಯಾರವನ್ನು ಕಿವಿಗೆ ಹಿಡಿದರೆ ಸಾಕು, ಟಿಕ್‌ಗೂ ಟಕ್‌ಗೂ ನಡುವೆ ಕೂದಲೆಳೆಯಷ್ಟು ಏರುಪೇರಿದ್ದರೂ ಹೇಳಿಬಿಡುತ್ತಿದ್ದರು. ಆದರೆ ಮೂರನೇ ಮಹಡಿಯ ಲಿಫ್ಟು ಅವರ ಬಾಗಿಲ ಮುಂದೆಯೇ ಇತ್ತು. ಲಿಫ್ಟಿಗೆ ಕಾಯುವವರು, ಲಿಫ್ಟು ಬಂದರೂ ಹತ್ತದೆ ಮಾತು ಮುಂದುವರಿಸುವವರು, ಎಲ್ಲರೂ ಅಲ್ಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಹೀಗಾಗಿ ನಿವೃತ್ತ ಪೋಸ್ಟ್‌ಮಾಸ್ಟರರ ಮೇಜಿನ ಗಡಿಯಾರ ಎರಡು ಸಲ ರಿಪೇರಿಯಾಗಿ, ಎರಡು ಸಲವೂ ನಿಂತುಹೋಗಿ, ವಾಪಸ್ಸು ಬಂದಿತ್ತು.

"ಬೇಜಾರು ಮಾಡ್ಕೋಬೇಡಿ ರಾಯರೇ, ನಿಮ್ಮ ಕಿವಿ ಸ್ವಲ್ಪ ಮಂದ ಆಗಿರ್ಬೇಕು," ಎಂದಿದ್ದರು ಪೋಸ್ಟ್‌ಮಾಸ್ಟರು. "ನಾಳೆ ನಾಲ್ಕು ಗಂಟೆಗೆ ಬರ್ತೀನಿ. ಆಗ್ಲೂ ಸರಿ ಹೋಗಿಲ್ಲ ಅಂದ್ರೆ ಒಳಗಿರೋದನ್ನೆಲ್ಲ ಕಿತ್ತು ಬ್ಯಾಟರಿ ಹಾಕಿಸ್ಬಿಡ್ತೀನಿ."

ಬ್ಯಾಟರಿ! ಮೂವತ್ತು ವರ್ಷ ಕಿವಿಯನ್ನೇ ನಂಬಿ ಅನ್ನ ಉಂಡವರಿಗೆ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಮರುದಿನ ಹೆಂಡತಿ ಕೆಲಸಕ್ಕೆ ಹೊರಟದ್ದೇ ತಡ, ರಾಯರು ಬಾಗಿಲಿನ ಬಾಯಿ ಮುಚ್ಚಿಸಲು ನಿಂತರು.

ಚೌಕಟ್ಟಿನ ಸುತ್ತ ಅಂಟು ರಬ್ಬರಿನ ಪಟ್ಟಿ ಹಚ್ಚುತ್ತಿದ್ದಾಗ ಅಪಾರ್ಟ್‌ಮೆಂಟಿನ ಸಂಘದ ಸೆಕ್ರೆಟರಿ ಬಂದರು.

"ಏನ್ ರಾಯರೇ, ಜಿರಳೆ ಕಾಟಾನಾ?"

"ಜಿರಳೆ ಎಷ್ಟೋ ವಾಸಿ. ಅವು ಮಾತಾಡಲ್ಲ."

"ಓ, ಗಲಾಟೇನಾ? ಹೌದ್ರೀ, ಈ ಜನಕ್ಕೆ ಬುದ್ಧೀನೇ ಇಲ್ಲ!" ಎಂದ ಸೆಕ್ರೆಟರಿ, ಬುದ್ಧಿಯಿಲ್ಲದ ಆ ಜನರ ಬಗ್ಗೆ ಅಲ್ಲೇ ನಿಂತು, ಲಿಫ್ಟಿನ ಬಾಗಿಲಿಗೆ ಒಂದು ಕಾಲು ಒಡ್ಡಿ, ಮುಕ್ಕಾಲು ಗಂಟೆ ಭಾಷಣ ಬಿಗಿದರು.

ಭಾಷಣ ಕೇಳಿ ಎದುರುಮನೆ ಟೀಚರ್ ಹೊರಗೆ ಬಂದರು. ಗುಟ್ಟು ಹೇಳಿದರೂ ಕೊನೇ ಬೆಂಚಿನವರೆಗೆ ಮುಟ್ಟುವ ಗಂಟಲು ಅವರದು. "ರಬ್ಬರಿಂದ ಏನೂ ಆಗಲ್ಲಣ್ಣ! ಸದ್ದು ಬರೋದು ಕೆಳಗಿನ ಸಂದಿಯಿಂದ. ಮರಳು ತುಂಬಿ ಅಡ್ಡ ಇಡಿ!" ಎಂದು ಗಂಡನ ಹಳೇ ಪ್ಯಾಂಟಿನ ಒಂದು ಕಾಲನ್ನು ಕತ್ತರಿಸಿ ತಂದುಕೊಟ್ಟರು. ಮರಳು ತುಂಬಿ ಇಟ್ಟದ್ದೇ ಮೊಣಕಾಲಿನ ಹತ್ತಿರ ಅದು ಬಿರಿಯಿತು. ಈಗ ಓಡಾಡುವವರ ಮಾತಿನ ಜೊತೆಗೆ ಚಪ್ಪಲಿಯ ಕರಕರವೂ ಸೇರಿತು.

ಕೆಳಮನೆಯ ಬಡಗಿ ಮೆಟ್ಟಿಲು ಹತ್ತಿ ಬಂದು ಬಾಗಿಲನ್ನು ಹೆಣ್ಣು ನೋಡುವವನಂತೆ ಮೇಲಿಂದ ಕೆಳಗೆ ನೋಡಿದ. "ನಾಲ್ಕೇ ನಾಲ್ಕು ಸ್ಕ್ರೂ ಸ್ವಾಮಿ. ಡ್ರಿಲ್ ತರ್ಲಾ?"

"ಡ್ರಿಲ್ ಅಂತ ಇನ್ನೊಂದ್ಸಲ ಅಂದ್ರೆ ನೋಡು!" ರಾಯರು ಧಡಾರನೆ ಬಾಗಿಲು ಹಾಕಿಕೊಂಡರು.

ಪ್ಯಾಂಟಿನ ಕಾಲಿಗೆ ಹೊಲಿಗೆ ಹಾಕಿ ಸಂದಿಗೆ ತುರುಕಿದರು. ಹಳೆಯ ಹತ್ತಿ ಹಾಸಿಗೆಯನ್ನು ಟೇಪಿನಿಂದ ಬಾಗಿಲಿಗೆ ಅಂಟಿಸಿದರು. ಅದು ಎರಡು ಸಲ ಅವರ ತಲೆಯ ಮೇಲೇ ಮಗುಚಿಕೊಂಡಿತು. ಮೂರನೆಯ ಸಲ ಹಾಸಿಗೆಯನ್ನು ನೆಟ್ಟಗೆ ನಿಲ್ಲಿಸಿ, ಎದೆಮಟ್ಟದ ಬೀರುವನ್ನು ತಳ್ಳಿತಂದು ಅದಕ್ಕೆ ಒತ್ತಿ ಇಟ್ಟರು. ಮೊಳೆಯಿಲ್ಲ, ತೂತಿಲ್ಲ! ಕರೆಗಂಟೆಯೊಳಗೆ ಹತ್ತಿ ತುರುಕಿ, ಫೋನನ್ನು ದಿಂಬುಗಳ ಕೆಳಗೆ ಹೂತು, ಬಾಗಿಲಿಗೆ ಬೆನ್ನು ಹಾಕಿ ಕೂತರು.

ಆಹಾ! ಈ ಬಾಡಿಗೆ ಮನೆಗೆ ಬಂದ ಮೂರು ವರ್ಷದಲ್ಲಿ ಮೊದಲ ಸಲ ಮನೆ ಮೌನವಾಗಿತ್ತು. ಗಡಿಯಾರದ ಹಿಂದಿನ ಮುಚ್ಚಳ ತೆಗೆದು ಕಿವಿ ಇಟ್ಟರು. ಟಿಕ್... ಟಕ್. ಇಕೋ, ಟಕ್ಕು ಒಂದು ಎಳೆ ತಡ! ತಿರುಪನ್ನು ಕೂದಲಿನಷ್ಟು ತಿರುಗಿಸಿದರು. ಟಿಕ್, ಟಕ್, ಟಿಕ್, ಟಕ್. ಜೋಡೆತ್ತಿನ ಹೆಜ್ಜೆಯ ಹಾಗೆ ಸಮ! ರಾಯರ ಕಣ್ಣು ತುಂಬಿ ಬಂತು. ಎಷ್ಟೋ ದೂರದಲ್ಲಿ ಯಾರೋ ಚಾಪೆ ಕೊಡವುತ್ತಿರುವಂತಿತ್ತು. ಆಮೇಲೆ ಎಲ್ಲೋ ಒಂದು ದುಂಬಿ ಗುಂಯ್‌ಗುಟ್ಟಿತು. ಹಾಸಿಗೆಯ ಮಹಿಮೆಗೆ ಅವರು ಒಳಗೊಳಗೇ ನಕ್ಕರು.

ದುಂಬಿ ಹತ್ತಿರವಾಯಿತು. ತಿರುಗಿ ನೋಡಿದರೆ ಬೀರುವಿಗಿಂತ ಮೇಲೆ, ಹಾಸಿಗೆಯೊಳಗಿನಿಂದ ಗರಗರ ತಿರುಗುವ ಕಬ್ಬಿಣ ಹೊರಬರುತ್ತಿದೆ! ಅದರ ಹಿಂದೆಯೇ ಹತ್ತಿಯ ಚೂರುಗಳು ಕೋಣೆಯ ತುಂಬ ಹಾರಿದವು. ಒಂದು ಎಳೆ ನಿಧಾನವಾಗಿ ತೇಲಿ, ಜಾಗ ಹುಡುಕಿಕೊಂಡು ಬಂದಂತೆ, ತೆರೆದ ಗಡಿಯಾರದೊಳಗೆ ಇಳಿಯಿತು. ಟಿಕ್. ಅಷ್ಟೇ. ನಿಂತಿತು.

ಬೀರು ಸರಿಸಿ ಬಾಗಿಲು ತೆರೆದರೆ ಇಡೀ ಮಹಡಿಯೇ ನಿಂತಿದೆ. ಮುಂದೆ ಬಡಗಿ, ಕೈಯಲ್ಲಿ ಡ್ರಿಲ್. ಮಾಲೀಕನ ಬಾಗಿಲಿನಲ್ಲಿ ಮುಷ್ಟಿಗಾತ್ರದ ತೂತು.

"ಬದುಕಿದ್ದಾರೆ!" ಎಂದು ಕೂಗಿದರು ಸೆಕ್ರೆಟರಿ. "ಸಂದಿಯೆಲ್ಲ ಮುಚ್ಚಿದ್ರಲ್ಲ, ಗಾಳಿ ಇಲ್ದೆ ಬಿದ್ದುಹೋದ್ರೇನೋ ಅಂತ ಮೊದಲು ಉಸಿರಾಡೋಕೆ ಒಂದು ತೂತು ಮಾಡಿಸಿದ್ವಿ!"

"ಅರ್ಧ ಗಂಟೆಯಿಂದ ಬಡೀತಿದ್ವಿ ಅಣ್ಣ, ಕೇಳಿಸ್ಲೇ ಇಲ್ವಾ?" ಎಂದರು ಟೀಚರ್.

"ಇಲ್ಲ!" ಎಂದರು ರಾಯರು ಎದೆಯುಬ್ಬಿಸಿ. "ಒಂದು ಚೂರೂ ಕೇಳಿಸ್ಲಿಲ್ಲ!"

ಎಲ್ಲರೂ ಮುಖ ಮುಖ ನೋಡಿಕೊಂಡರು. ತಾನು ಏನು ಹೇಳಿಬಿಟ್ಟೆ ಎಂಬುದು ರಾಯರಿಗೆ ಹೊಳೆಯುವಷ್ಟರಲ್ಲಿ, ನಾಲ್ಕು ಗಂಟೆಗೆಂದು ಬಂದಿದ್ದ ಪೋಸ್ಟ್‌ಮಾಸ್ಟರು ಒಳಗೆ ಬಂದು ಗಡಿಯಾರವನ್ನು ಕಿವಿಗೆ ಹಿಡಿದಾಗಿತ್ತು.

"ನಿಂತಿದೆ ರಾಯರೇ," ಎಂದರು ಮರುಕದಿಂದ, ಆದರೆ ಕಿರುಚಿ.

"ಯಾಕ್ರೀ ಕಿರುಚ್ತೀರಾ? ಹತ್ತಿ ಸಿಕ್ಕೊಂಡಿದೆ!"

"ಕಿವೀಲಾ?" ಎಂದರು ಸೆಕ್ರೆಟರಿ.

"ಗಡಿಯಾರದಲ್ಲಿ! ನನ್ನ ಕಿವಿ ನೆಟ್ಟಗಿದೆ! ಹಾಸಿಗೆ ಇತ್ತಲ್ರೀ!"

"ಹೌದೌದು, ಹೋಗಿ ಮಲಕ್ಕೊಳ್ಳಿ," ಎಂದು ಟೀಚರ್ ಅವರ ಕಿವಿಗೇ ಬಾಯಿಟ್ಟು ಕೂಗಿದರು.

ಪೋಸ್ಟ್‌ಮಾಸ್ಟರು ಗಡಿಯಾರದ ಮುಚ್ಚಳ ಹಾಕಿ, ಬಗಲಿಗಿಟ್ಟುಕೊಂಡು, ತಲೆ ತಗ್ಗಿಸಿ ಮೆಟ್ಟಿಲಿಳಿದರು. ಸೆಕ್ರೆಟರಿ ಆಗಲೇ ಕೆಳಗಿನ ಬೆಂಚನ್ನು ಲಿಫ್ಟಿನಲ್ಲಿ ತರಿಸುತ್ತಿದ್ದರು. "ಇಲ್ಲೇ ಹಾಕು, ರಾಯರ ಬಾಗಿಲ ಮುಂದೇನೇ. ಇನ್ಮೇಲೆ ಮೀಟಿಂಗ್ ಎಲ್ಲ ಇಲ್ಲೇ. ಪಾಪ, ಇವರಿಗೇನೂ ತೊಂದ್ರೆ ಆಗಲ್ಲ."

ಬೆಂಚು ಮರಳಿನ ಮೇಲೆ ಕೀರಲಿಟ್ಟಿತು. ಹತ್ತು ಬಾಯಿಗಳು ಒಟ್ಟಿಗೆ ತೆರೆದವು. ಅಷ್ಟರಲ್ಲಿ ಎರಡು ಮಹಡಿ ಕೆಳಗೆ ಗಡಿಯಾರ ಮೆಟ್ಟಿಲಿನ ಕಂಬಿಗೆ ತಗಲಿತು. ಹತ್ತಿ ಕಳಚಿಕೊಂಡಿರಬೇಕು. ರಾಯರು ಥಟ್ಟನೆ ತಲೆಯೆತ್ತಿದರು. ಆ ಗದ್ದಲವನ್ನೆಲ್ಲ ಸೀಳಿಕೊಂಡು ಕೇಳಿಸಿತು: ಟಿಕ್, ಟಕ್, ಟಿಕ್, ಟಕ್. ಎಳೆಯಷ್ಟೂ ತಪ್ಪಿಲ್ಲ!

"ಕೇಳಿ! ಕೇಳಿ! ಓಡ್ತಿದೆ! ಗಡಿಯಾರ ಓಡ್ತಿದೆ!" ರಾಯರು ಕುಣಿದಾಡಿದರು.

ಎಲ್ಲರೂ ಕಿವಿಗೊಟ್ಟರು. ಯಾರಿಗೂ ಏನೂ ಕೇಳಿಸಲಿಲ್ಲ.

"ಅಯ್ಯೋ ಪಾಪ," ಎಂದರು ಸೆಕ್ರೆಟರಿ, ಬೆಂಚಿನ ಮೇಲೆ ಕೂರುತ್ತ. "ಇರೋದು ಕೇಳಿಸ್ತಿರ್ಲಿಲ್ಲ. ಈಗ ಇಲ್ಲದ್ದು ಕೇಳಿಸೋಕೂ ಶುರುವಾಯ್ತು."